ಒಂದೇ ನಿಯಮದ ಮೇಯರ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಾರ್ಖಾನೆಗಳ ಗೋಡೆಯ ಮೇಲೆ ನಿಯಮಗಳ ಉದ್ದನೆಯ ಪಟ್ಟಿ ತೂಗುತ್ತಿದ್ದುದು ಸಾಮಾನ್ಯ ಸಂಗತಿ. ಒಹಾಯೊ ರಾಜ್ಯದ ಟೊಲಿಡೊ ನಗರದ ಉದ್ಯಮಿ ಸ್ಯಾಮ್ಯುಯೆಲ್ ಜೋನ್ಸ್ ಮಾತ್ರ ತನ್ನ ಕಾರ್ಖಾನೆಯಲ್ಲಿ ಒಂದೇ ಒಂದು ನಿಯಮವನ್ನು ಹಾಕಿಸಿದ. ಬೇರೆಯವರು ನಮ್ಮೊಡನೆ ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೇವೋ ನಾವೂ ಅವರೊಡನೆ ಹಾಗೆಯೇ ನಡೆದುಕೊಳ್ಳಬೇಕು ಎಂಬ ಅರ್ಥದ ಬೈಬಲ್ಲಿನ ಮಾತು ಅದು. ಇಂಗ್ಲಿಷಿನಲ್ಲಿ ಅದಕ್ಕೆ ‘ಗೋಲ್ಡನ್ ರೂಲ್’ ಎಂದು ಹೆಸರು. ಜನ ಅದನ್ನೇ ಅವನ ಹೆಸರಿಗೆ ಸೇರಿಸಿಬಿಟ್ಟರು.

1846ರಲ್ಲಿ ವೇಲ್ಸ್‌ನ ಬಡ ಕುಟುಂಬದಲ್ಲಿ ಹುಟ್ಟಿದ ಜೋನ್ಸ್ ಮೂರು ವರ್ಷದವನಿದ್ದಾಗ ಅಮೆರಿಕಕ್ಕೆ ಬಂದ. ಶಾಲೆಗೆ ಹೋದದ್ದು ಅಷ್ಟಿಷ್ಟು. ಪೆನ್ಸಿಲ್ವೇನಿಯಾದ ತೈಲಬಾವಿಗಳಲ್ಲಿ ಕೂಲಿಯಾಗಿ ದುಡಿದು, ಮುಂದೆ ತಾನೇ ಬಾವಿಗಳ ಒಡೆಯನಾದ. ತೈಲ ಎತ್ತುವ ಪಂಪುಗಳಿಗೆ ಬೇಕಾದ ಕಬ್ಬಿಣದ ಸರಳುಗಳನ್ನು ಸುಧಾರಿಸಿ, 1894ರಲ್ಲಿ ಟೊಲಿಡೊದಲ್ಲಿ ಅವುಗಳ ಕಾರ್ಖಾನೆ ತೆರೆದ. 1893ರ ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಕಾಲವದು. ಕೂಲಿ ಇಳಿಸಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಜೋನ್ಸ್ ಎಂಟು ಗಂಟೆಯ ದುಡಿಮೆ, ಸಂಬಳಸಹಿತ ರಜೆ, ಕ್ರಿಸ್‌ಮಸ್ ಬೋನಸ್ ಕೊಟ್ಟ. ಕಾರ್ಖಾನೆಯ ಪಕ್ಕದಲ್ಲೇ ಉದ್ಯಾನ, ಮಕ್ಕಳಿಗೆ ಆಟದ ಜಾಗ ಮಾಡಿಸಿದ.

ನಮ್ಮ ಮಹಾನಗರಪಾಲಿಕೆಗಳಲ್ಲಿ ಮೇಯರನ್ನು ಆರಿಸುವವರು ಪಾಲಿಕೆಯ ಸದಸ್ಯರು. ಟೊಲಿಡೊದಲ್ಲಿ ಮತದಾರರೇ ನೇರವಾಗಿ ಆರಿಸುತ್ತಿದ್ದರು. 1897ರಲ್ಲಿ ರಿಪಬ್ಲಿಕನ್ ಪಕ್ಷದ ಬಣಗಳು ತಮ್ಮ ತಮ್ಮ ಹುರಿಯಾಳುಗಳ ಬಗ್ಗೆ ಒಮ್ಮತಕ್ಕೆ ಬಾರದೆ, ಯಾರಿಗೂ ಬೇಡವಾಗದ ಈ ಉದ್ಯಮಿಯನ್ನು ನಿಲ್ಲಿಸಿದವು. ಜೋನ್ಸ್ ಕಡಿಮೆ ಅಂತರದಲ್ಲಿ ಗೆದ್ದ. ವ್ಯಾಪಾರಸ್ಥ ಮೇಯರಾದರೆ ನಗರವನ್ನು ವ್ಯಾಪಾರದಂತೆ ಲೆಕ್ಕಾಚಾರವಾಗಿ ನಡೆಸುತ್ತಾನೆ ಎಂಬ ನಂಬಿಕೆ ಅಂದೂ ಇತ್ತು. ಜೋನ್ಸ್ ಅದನ್ನು ತಿರುವುಮುರುವು ಮಾಡಿದ. ಕಾರ್ಖಾನೆಯಲ್ಲಿ ಕಾರ್ಮಿಕರಿಗೆ ಕೊಟ್ಟದ್ದನ್ನೇ ನಗರದ ನೌಕರರಿಗೂ ಕೊಡಲು ಹೊರಟ. ಪೊಲೀಸರಿಗೆ ಎಂಟು ಗಂಟೆಯ ಪಾಳಿ ಬಂತು, ಅವರ ಕೈಯ ಲಾಠಿ ಹೋಗಿ ಹಗುರ ಬೆತ್ತ ಬಂತು. ಶಿಶುವಿಹಾರಗಳು, ಆಟದ ಮೈದಾನಗಳು ಹೆಚ್ಚಿದವು. ಜನರಿಗೆ ಬೇಕಾದ ಸೇವೆಗಳು ಖಾಸಗಿ ಕಂಪನಿಗಳ ಕೈಯಲ್ಲಿರದೆ ನಗರದ ಸ್ವತ್ತಾಗಿರಬೇಕೆಂದು ವಾದಿಸಿದ.

ಇಂಥ ಮೇಯರ್ ಪಕ್ಷಕ್ಕೆ ಬೇಕಿರಲಿಲ್ಲ. 1899ರಲ್ಲಿ ಟಿಕೆಟ್ ತಪ್ಪಿತು. ಜೋನ್ಸ್ ಪಕ್ಷೇತರನಾಗಿ ನಿಂತು ಸುಮಾರು ಶೇ. 70ರಷ್ಟು ಮತ ಪಡೆದ. ಎರಡು ದೊಡ್ಡ ಪಕ್ಷಗಳಿಗೂ ಸೇರಿ ಉಳಿದದ್ದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಮುಂದೆ 1901, 1903ರಲ್ಲೂ ಅವನೇ ಗೆದ್ದ.

ಆದರೆ ಕಾರ್ಖಾನೆಯ ಒಡೆಯನಿಗಿದ್ದ ಸ್ವಾತಂತ್ರ್ಯ ಮೇಯರಿಗಿರಲಿಲ್ಲ. ಸ್ವಂತ ಗೋಡೆಯ ಮೇಲೆ ಬೇಕಾದ್ದು ಬರೆಸಬಹುದು. ನಗರದ ಗೋಡೆಗೆ ರಾಜ್ಯದ ಕಾನೂನು ಇದೆ. ಅವನ ಮೆದು ಧೋರಣೆಯಿಂದ ಬೇಸತ್ತ ವಿರೋಧಿಗಳ ಒತ್ತಾಯಕ್ಕೆ ಮಣಿದು, ಶಾಸಕಾಂಗವು ಟೊಲಿಡೊದ ಪೊಲೀಸರನ್ನು ರಾಜ್ಯಪಾಲರು ನೇಮಿಸುವ ಮಂಡಳಿಗೆ ಒಪ್ಪಿಸುವ ಕಾಯ್ದೆ ಮಾಡಿತು. ಜೋನ್ಸ್ ಬಿಟ್ಟುಕೊಡಲಿಲ್ಲ. ವ್ಯಾಜ್ಯ ಒಹಾಯೊ ಸುಪ್ರೀಂ ಕೋರ್ಟಿಗೆ ಹೋಯಿತು. 1902ರಲ್ಲಿ ಕೋರ್ಟು ಆ ಕಾಯ್ದೆಯನ್ನೇ ಅಸಿಂಧು ಎಂದಿತು.

1904ರ ಜುಲೈನಲ್ಲಿ, ಮೇಯರ್ ಆಗಿರುವಾಗಲೇ ಜೋನ್ಸ್ ತೀರಿಕೊಂಡ. ಅವನ ಒಡನಾಡಿಯಾಗಿದ್ದ ವಕೀಲ, ಕಾದಂಬರಿಕಾರ ಬ್ರ್ಯಾಂಡ್ ವಿಟ್‌ಲಾಕ್ ಮರುವರ್ಷದ ಚುನಾವಣೆಯಲ್ಲಿ ಪಕ್ಷೇತರನಾಗಿಯೇ ಗೆದ್ದು, ಸಾಲಾಗಿ ನಾಲ್ಕು ಅವಧಿ ಆಳಿದ.

ಒಬ್ಬನ ಒಳ್ಳೆಯತನ ಅವನೊಂದಿಗೇ ಮಣ್ಣಾಗದೆ ಊರಿನ ಅಭ್ಯಾಸವಾಯಿತು ಎನ್ನಲು ಇಷ್ಟು ಸಾಕು. ಉದ್ಯಮಿಯೊಬ್ಬ ಮತ ಕೇಳಲು ಬಂದಾಗ ನಾವು ಸಾಮಾನ್ಯವಾಗಿ ನೋಡುವುದು ಅವನು ಎಷ್ಟು ಗಳಿಸಿದ ಎಂಬುದನ್ನು. ಟೊಲಿಡೊದ ಮತದಾರರಿಗೆ ಬೇರೊಂದು ದಾರಿಯಿತ್ತು. ಅವನ ಕೈಕೆಳಗೆ ದುಡಿದವರು ಅದೇ ಊರಿನಲ್ಲಿದ್ದರು, ಅವರನ್ನು ಕೇಳಿದರೆ ಸಾಕಿತ್ತು.