ನಡೆಯುವ ಕಾಲು, ಎದೆಯ ಗಂಟು

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಸಿಗುತ್ತದೆ. ಸುತ್ತಲೂ ಕಾಫಿ ತೋಟ. ಕೊಯ್ಲಿನ ತಿಂಗಳುಗಳಲ್ಲಿ ಹೆಣ್ಣಾಳುಗಳು ದಿನವಿಡೀ ಇಳಿಜಾರಿನಲ್ಲಿ ಹತ್ತಿ ಇಳಿದು ಹಣ್ಣು ಬಿಡಿಸುತ್ತಾರೆ. ಇವರ ಮುಂದೆ ವ್ಯಾಯಾಮದ ಮಾತೆತ್ತಿದರೆ ನಕ್ಕಾರು. ಆದರೂ ಮೈಯ ಚಲನೆಗೂ ಸ್ತನದ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯಲೋಕ ಕಂಡುಕೊಂಡ ಬಗೆಯನ್ನು ಹೇಳಹೊರಟಾಗ ನನಗೆ ಮೊದಲು ನೆನಪಾದದ್ದು ಈ ಊರೇ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಟಲಿಯ ವೈದ್ಯ ರಾಮಾಜ್ಜಿನಿ, ಕ್ರೈಸ್ತ ಸನ್ಯಾಸಿನಿಯರಲ್ಲಿ ಈ ರೋಗ ಹೆಚ್ಚೆಂದು ಗುರುತಿಸಿದ್ದ. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್ ಎಂಬ ವೈದ್ಯೆ 500 ಮಂದಿ ರೋಗಿಗಳನ್ನು, ರೋಗವಿಲ್ಲದ ಅಷ್ಟೇ ಮಂದಿಯೊಡನೆ ಹೋಲಿಸಿ ನೋಡಿದರು. ಹೆರಿಗೆ, ಮೊಲೆಯೂಡಿಕೆ, ಮದುವೆಯ ವಯಸ್ಸು ಇವೆಲ್ಲ ಲೆಕ್ಕಕ್ಕೆ ಬಂದವು. ನಡಿಗೆ, ಆಟೋಟಗಳತ್ತ ಇನ್ನೂ ಯಾರ ಗಮನವೂ ಹರಿದಿರಲಿಲ್ಲ.

ಆ ದಾರಿ ತೆರೆದದ್ದು ಹೃದ್ರೋಗದ ಕಡೆಯಿಂದ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದಯಾಘಾತ ಕಡಿಮೆ ಎಂದು 1953ರಲ್ಲಿ ಜೆರಿ ಮಾರಿಸ್ ತೋರಿಸಿದರು. 1985ರಲ್ಲಿ ಅಮೆರಿಕದ ರೋಸ್ ಫ್ರಿಶ್ ಮತ್ತು ಸಂಗಡಿಗರು, ಕಾಲೇಜು ಮುಗಿಸಿದ್ದ 5,398 ಮಹಿಳೆಯರ ವಿಚಾರ ಪ್ರಕಟಿಸಿದರು. ವಿದ್ಯಾರ್ಥಿದೆಸೆಯಲ್ಲಿ ಕ್ರೀಡಾಪಟುಗಳಾಗಿದ್ದವರಿಗಿಂತ ಉಳಿದವರಲ್ಲಿ ಸ್ತನದ ಕ್ಯಾನ್ಸರಿನ ಸಂಭವ 1.86 ಪಟ್ಟು ಇತ್ತು. 1994ರಲ್ಲಿ ಲೆಸ್ಲಿ ಬರ್ನ್‌ಸ್ಟೀನ್ ಅವರ ಅಧ್ಯಯನ, ನಲವತ್ತರೊಳಗಿನ ಹೆಂಗಸರಲ್ಲಿ ವಾರಕ್ಕೆ ಸುಮಾರು ನಾಲ್ಕು ಗಂಟೆಯ ವ್ಯಾಯಾಮದಿಂದ ಅಪಾಯ ಅರ್ಧಕ್ಕಿಂತಲೂ ಇಳಿಯುವುದೆಂದಿತು. ಆಮೇಲಿನ ದೊಡ್ಡ ಅಧ್ಯಯನಗಳು ಇಷ್ಟು ಉದಾರವಾಗಿಲ್ಲ. ಅವು ಕಂಡ ಇಳಿಕೆ ನೂರಕ್ಕೆ ಹತ್ತು-ಇಪ್ಪತ್ತರಷ್ಟು. ಆದರೂ ನಂಟು ಸುಳ್ಳಾಗಲಿಲ್ಲ. 2002ರಲ್ಲಿ ಲಿಯಾನಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಅದನ್ನು ಒಪ್ಪಿತು.

ಕಾರಣವನ್ನು ಸರಳವಾಗಿ ಹೀಗೆನ್ನಬಹುದು. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಎಂಬ ಸ್ರಾವ ಹೆಚ್ಚಾಗಿ ಹುಟ್ಟುವುದು ಮೈಯ ಕೊಬ್ಬಿನಲ್ಲಿ; ಈ ರೋಗದ ಬಹುಪಾಲು ಗಂತಿಗಳಿಗೆ ಅದೇ ಗೊಬ್ಬರ. ದುಡಿವ ಮೈಯಲ್ಲಿ ಕೊಬ್ಬೂ ಕಡಿಮೆ, ರಕ್ತದ ಇನ್ಸುಲಿನ್ನೂ ಹಿತಮಿತ.

ನಮ್ಮಲ್ಲಿ ಲೆಕ್ಕ ಶುರುವಾದದ್ದು 1982ರಲ್ಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆ ನಗರದ ಕ್ಯಾನ್ಸರ್ ರೋಗಿಗಳನ್ನು ದಾಖಲಿಸತೊಡಗಿತು. ಮೊದಲು ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ವರುಷಗಳು ಕಳೆದಂತೆ ಸ್ತನದ್ದು ಅದನ್ನು ಹಿಂದಿಕ್ಕಿತು. ಕುರ್ಚಿಯ ನೌಕರಿಯೊಂದನ್ನೇ ದೂರುವುದು ತಪ್ಪು. ಮದುವೆ ತಡವಾಯಿತು, ಮಕ್ಕಳು ಕಡಿಮೆಯಾದರು, ತೂಕ ಏರಿತು.

ಹಾಗಾದರೆ ಅತ್ತಿಗುಂಡಿಯ ಹೆಣ್ಣಾಳಿಗೆ ಬೆಟ್ಟವೇ ರಕ್ಷೆಯೇ? ಅಷ್ಟು ಸಲೀಸಲ್ಲ. ಪ್ರತಿ ಹೆರಿಗೆಗೆ ಅಪಾಯ ನೂರಕ್ಕೆ 7ರಷ್ಟೂ, ಹನ್ನೆರಡು ತಿಂಗಳ ಮೊಲೆಯೂಡಿಕೆಗೆ 4.3ರಷ್ಟೂ ಇಳಿಯುವುದೆಂದು 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ವರದಿ ಹೇಳುತ್ತದೆ. ಆಕೆಯ ಬಾಳಿನಲ್ಲಿ ಕಾಲಿನ ಪಾಲೆಷ್ಟು, ಕಂಕುಳ ಕೂಸಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಮೇಲಾಗಿ, ಬಿಡುವಿನಲ್ಲಿ ಬಯಸಿ ಮಾಡುವ ವ್ಯಾಯಾಮವೂ ಹೊಟ್ಟೆಪಾಡಿನ ದುಡಿಮೆಯೂ ಒಂದೇ ಎಂದು ನಾನಂತೂ ಹೇಳಲಾರೆ. ಅಪಾಯ ಇಳಿಯುತ್ತದೆ, ಅಳಿಯುವುದಿಲ್ಲ. ನಿತ್ಯ ನಡೆಯುವವರಿಗೂ ಗಂಟು ಬರುತ್ತದೆ. ಅದು ಮೊದಮೊದಲು ಸಾಮಾನ್ಯವಾಗಿ ನೋಯುವುದೂ ಇಲ್ಲ. ನೋಯದ ಗಂಟಿಗಾಗಿ ಒಂದು ದಿನದ ಕೂಲಿ ಬಿಟ್ಟು, ಬೆಟ್ಟವಿಳಿದು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗೆಂದು ಆಕೆಗೆ ಹೇಳುವವರು ಬೇಕು. ಹೋದ ದಿನದ ಕೂಲಿ ಕೊಡುವವರೂ ಬೇಕು.