ಕೂಡದ ಮೂಳೆಗೆ ಕಸಿ ಕಟ್ಟಿದವರು

ಮುರಿದ ಮೂಳೆ ಕೂಡಿಯೇ ಕೂಡುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನಾಟಿ ಕಟ್ಟು ಹಾಕಿಸಿದರೂ, ಆಸ್ಪತ್ರೆಯಲ್ಲಿ ರಾಡು ಹಾಕಿಸಿದರೂ ಬಹುಪಾಲು ಕೂಡುತ್ತವೆ. ಆದರೆ ಕೆಲವು ಒಂಬತ್ತು ತಿಂಗಳಾದರೂ ಕೂಡುವುದಿಲ್ಲ. ರಕ್ತದ ಹರಿವು ಸಾಲದಿದ್ದರೆ, ಕೀವಾದರೆ, ಮುರಿದ ತುದಿಗಳು ಅಲುಗಾಡುತ್ತಿದ್ದರೆ ಹೀಗಾಗುತ್ತದೆ. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಹೆಚ್ಚು. ದಿನಗೂಲಿಯವರ ಮನೆಯಲ್ಲಿ ಒಂದು ಕಾಲು ಹೀಗಾದರೆ ಒಲೆ ಉರಿಯುವುದೇ ಕಷ್ಟ.

ಇಂಥ ಮೂಳೆಗೆ ಬೇರೆ ಮೂಳೆಯ ಕಸಿ ಹಾಕುವ ಯೋಚನೆ ಹಳೆಯದು. ಡಚ್ ವೈದ್ಯ ಯೋಬ್ ವಾನ್ ಮೀಕೆರೆನ್ ಅವರ 1668ರ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ರಷ್ಯಾದವನೊಬ್ಬನ ಒಡೆದ ತಲೆಬುರುಡೆಗೆ ನಾಯಿಯ ಮೂಳೆಯ ತುಂಡು ಕೂರಿಸಿದರಂತೆ. ಚರ್ಚ್ ಅವನನ್ನು ಹೊರಗಿಟ್ಟಿತು. ತೆಗೆದುಬಿಡಿ ಎಂದು ಆತ ಬೇಡಿಕೊಂಡಾಗ ಮೂಳೆ ಆಗಲೇ ಗಟ್ಟಿಯಾಗಿ ಕೂತುಬಿಟ್ಟಿತ್ತು!

ನಿಜವಾದ ತಿರುವು ಗ್ಲಾಸ್ಗೋದಲ್ಲಿ. ನಾಲ್ಕು ವರ್ಷದ ಹುಡುಗನೊಬ್ಬನ ತೋಳಿನ ಮೂಳೆ ಕೀವಿನಿಂದ ಹಾಳಾಗಿ, ಕೈ ಜೋತುಬಿದ್ದಿತ್ತು. ಕೈ ಕತ್ತರಿಸುವುದೊಂದೇ ದಾರಿ ಎನ್ನುವ ಕಾಲ ಅದು. ಸೊಟ್ಟಗಾಲು ನೆಟ್ಟಗೆ ಮಾಡುವಾಗ ಬೇರೆ ಮಕ್ಕಳ ಕಾಲಿನಿಂದ ತೆಗೆದ ಮೂಳೆ ಚೂರುಗಳನ್ನು ವಿಲಿಯಂ ಮೆಕೀವನ್ ಆ ತೋಳಿಗೆ ನೆಟ್ಟರು. 1879ರಿಂದ ಹಂತಹಂತವಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಕೈ ಉಳಿಯಿತು, ಕೆಲಸಕ್ಕೂ ಬಂತು. 1881ರಲ್ಲಿ ವರದಿ ಪ್ರಕಟವಾಯಿತು. ಮೆಕೀವನ್ ಅವರು ಲಿಸ್ಟರ್ ಅವರ ಶಿಷ್ಯ. ಗಾಯಕ್ಕೆ ನಂಜು ತಗಲದಂತೆ ನೋಡಿಕೊಳ್ಳುವುದನ್ನು ಕಲಿತವರು. ನಂಜಾದರೆ ನೆಟ್ಟ ಚೂರು ಉಳಿಯುವುದಿಲ್ಲ.

ನಮಗೆ ಹತ್ತಿರವೆನಿಸುವವರು ಅಮೆರಿಕದ ಫ್ರೆಡ್ ಆಲ್ಬೀ. ಹುಡುಗನಾಗಿದ್ದಾಗ ಅಜ್ಜನಿಂದ ಹಣ್ಣಿನ ಗಿಡಕ್ಕೆ ಕಸಿ ಕಟ್ಟುವುದನ್ನು ಕಲಿತಿದ್ದವರು. ಗಿಡದಲ್ಲಿ ಮಾಡಿದಂತೆಯೇ ಅಳತೆಗೆ ಸರಿಯಾಗಿ ಕೊರೆದು, ಬಿಗಿಯಾಗಿ ಕೂರಿಸಬೇಕೆಂಬುದು ಅವರ ಪಾಠ. ಅದಕ್ಕೆಂದೇ ಮೋಟಾರು ಗರಗಸ ಮಾಡಿಸಿದರು. 1915ರಲ್ಲಿ ಮೂಳೆ ಕಸಿಯ ಬಗ್ಗೆ ಪುಸ್ತಕ ಬರೆದರು. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಈ ವಿದ್ಯೆ ಬಹಳ ಬೇಕಾಯಿತು.

ನೆಟ್ಟ ಮೂಳೆ ಹಾಗೇ ಬದುಕಿ ಉಳಿಯುತ್ತದೆಯೇ? ಬಹುಮಟ್ಟಿಗೆ ಇಲ್ಲ. ಅದು ಚಪ್ಪರದ ಹಾಗೆ. ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ, ಹಳೆಯದು ಕರಗುತ್ತಾ ಹೊಸ ಮೂಳೆ ಬೆಳೆಯುತ್ತದೆ. ಮೂಳೆಯಲ್ಲಿಯೇ ಹೊಸ ಮೂಳೆ ಹುಟ್ಟಿಸುವ ಗುಣವಿದೆ ಎಂದು 1965ರಲ್ಲಿ ಮಾರ್ಷಲ್ ಯೂರಿಸ್ಟ್ ತೋರಿಸಿದರು. 1975ರಲ್ಲಿ ಮೆಲ್ಬರ್ನ್‌ನ ಇಯಾನ್ ಟೇಲರ್ ತಂಡ ರಕ್ತನಾಳದ ಸಮೇತ ಮೂಳೆ ತೆಗೆದು ಕಾಲಿಗೆ ಜೋಡಿಸಿದ್ದನ್ನು ಪ್ರಕಟಿಸಿತು. ಅಂಥ ಕಸಿ ಮಾತ್ರ ಜೀವಂತವಾಗಿಯೇ ಉಳಿಯಬಲ್ಲದು.

ಇಂದಿಗೂ ವೈದ್ಯರು ಹೆಚ್ಚಾಗಿ ನೆಚ್ಚುವುದು ರೋಗಿಯದೇ ಸೊಂಟದ ಮೂಳೆಯನ್ನು. ತೆಗೆದ ಜಾಗದಲ್ಲಿ ಕೆಲಕಾಲ ನೋವಿರುತ್ತದೆ, ಅದೇ ಅದರ ಬೆಲೆ. ಕೀವು ಮೊದಲು ಹೋಗಬೇಕು, ಮುರಿದ ಜಾಗ ಅಲುಗದಂತಿರಬೇಕು. ಇವೆರಡೂ ಇಲ್ಲದಿದ್ದರೆ ಎಂಥ ಕಸಿಯೂ ಹಿಡಿಯದು. ನಿಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಕೂಡದ ಮೂಳೆ ಇದ್ದರೆ, ಹಣೆಬರಹವೆಂದು ಕೈಚೆಲ್ಲಬೇಡಿ. ಎಕ್ಸ್‌ರೇ ಹಿಡಿದು ಮೂಳೆ ವೈದ್ಯರ ಬಳಿ ಹೋಗಿ, ಕಸಿ ಬೇಕೇ ಎಂದು ಕೇಳಿ.