ಮಿನಿಟೆಲ್: ಡೈರೆಕ್ಟರಿಯು ಹರಟೆಕಟ್ಟೆಯಾದ ಬಗೆ

ಸಂಪರ್ಕಜಾಲವನ್ನು ಕಟ್ಟಿದವರ ಉದ್ದೇಶಕ್ಕೂ ಅದನ್ನು ಬಳಸಿದವರ ಅಭಿರುಚಿಗೂ ಅಂತರ ಬೀಳುವುದನ್ನು ಇಂದಿನ ಸಾಮಾಜಿಕ ಜಾಲತಾಣಗಳ ದೋಷವೆಂದೇ ನಾವು ಬಗೆಯುತ್ತೇವೆ. ಅಂತರಜಾಲವು ಮನೆಗಳನ್ನು ತಲುಪುವ ಎಷ್ಟೋ ಮೊದಲೇ ಫ್ರಾನ್ಸ್ ದೇಶವು ಈ ಅನುಭವಕ್ಕೆ ಒಳಗಾಗಿತ್ತು.

1978ರಲ್ಲಿ ಪ್ರಕಟವಾದ ನೋರಾ-ಮ್ಯಾಂಕ್ ವರದಿಯು ಗಣಕಯಂತ್ರ ಹಾಗೂ ದೂರಸಂಪರ್ಕಗಳ ಕೂಡುವಿಕೆಗೆ ‘ತೆಲೆಮಾತೀಕ್’ ಎಂಬ ಹೆಸರಿತ್ತು, ರಾಷ್ಟ್ರವು ಅಮೆರಿಕದ ಕಂಪನಿಗಳ ಹಿಡಿತಕ್ಕೆ ಸಿಲುಕದೆ ಈ ಕ್ಷೇತ್ರವನ್ನು ತಾನೇ ಬೆಳೆಸಬೇಕೆಂದು ವಾದಿಸಿತು. ಸರ್ಕಾರಿ ದೂರವಾಣಿ ಇಲಾಖೆಯ ಪ್ರಕಟಿತ ಗುರಿ ಇದಕ್ಕಿಂತ ಸರಳವಾಗಿತ್ತು: ಮುದ್ರಿತ ಡೈರೆಕ್ಟರಿಯ ಬದಲು ಪ್ರತಿ ಮನೆಗೂ ಒಂದು ಪುಟ್ಟ ತೆರೆ, ಅದೂ ಉಚಿತವಾಗಿ. 1980ರಲ್ಲಿ ಸೇಂಟ್ ಮಾಲೋ, 1981ರಲ್ಲಿ ವೆಲಿಜಿ ಊರುಗಳಲ್ಲಿ ಪ್ರಯೋಗ ನಡೆದು, 1982ರಿಂದ ಮಿನಿಟೆಲ್ ಯಂತ್ರಗಳ ವ್ಯಾಪಕ ವಿತರಣೆ ಮೊದಲಾಯಿತು.

ತಿರುವು ಬಂದುದು ಸ್ಟ್ರಾಸ್‌ಬರ್ಗಿನಲ್ಲಿ. ಅಲ್ಲಿಯ ದಿನಪತ್ರಿಕೆಯೊಂದು ನಡೆಸುತ್ತಿದ್ದ ‘ಗ್ರೆಟೆಲ್’ ಸೇವೆಯಲ್ಲಿ, ತೊಡಕಿಗೆ ಸಿಲುಕಿದ ಗ್ರಾಹಕರಿಗೆ ನೆರವು ನೀಡಲೆಂದು ಸಂದೇಶದ ವ್ಯವಸ್ಥೆಯೊಂದಿತ್ತು. ಗ್ರಾಹಕರು ಅದನ್ನು ತಮ್ಮತಮ್ಮೊಳಗಿನ ಮಾತುಕತೆಗೆ ತಿರುಗಿಸಿಕೊಂಡರು. ಸುದ್ದಿ ಓದಬೇಕಾದವರು ಗುಪ್ತನಾಮ ತೊಟ್ಟು ಹರಟತೊಡಗಿದರು.

1984ರಲ್ಲಿ ಬಂದ ‘ಕಿಯೋಸ್ಕ್’ ಪದ್ಧತಿಯು ಹರಟೆಯನ್ನು ಹಣವಾಗಿಸಿತು. ನಿಮಿಷಕ್ಕೆ ಸುಮಾರು 1 ಫ್ರಾಂಕ್ ದೂರವಾಣಿ ಬಿಲ್ಲಿಗೇ ಸೇರುತ್ತಿತ್ತು. ಇಲಾಖೆ ತನ್ನ ಪಾಲನ್ನು ಇಟ್ಟುಕೊಂಡು ಉಳಿದುದನ್ನು ಸೇವೆ ನಡೆಸುವವರಿಗೆ ಕೊಡುತ್ತಿತ್ತು. ಜಾಹೀರಾತಿನ ವರಮಾನ ಕೈತಪ್ಪೀತೆಂದು ಅಂಜಿದ ಪತ್ರಿಕೆಗಳನ್ನು ಸಮಾಧಾನಪಡಿಸಲು ಈ ಸೇವೆಗಳ ಹಕ್ಕನ್ನು ಮೊದಲಲ್ಲಿ ಪತ್ರಿಕೋದ್ಯಮಕ್ಕೇ ಮೀಸಲಿಡಲಾಗಿತ್ತು. ಪರಿಣಾಮವೆಂದರೆ, ‘ಗುಲಾಬಿ ಸಂದೇಶ’ಗಳೆಂದು ಹೆಸರಾದ ಶೃಂಗಾರದ ಹರಟೆಯನ್ನು ನಡೆಸಿದವರಲ್ಲಿ ಗಂಭೀರ ಪತ್ರಿಕೆಗಳೂ ಇದ್ದವು. ಹೆಣ್ಣಿನ ಹೆಸರಿನಲ್ಲಿ ಉತ್ತರಿಸಲು ಸಂಬಳಕ್ಕೆ ನೇಮಕಗೊಂಡವರಲ್ಲಿ ಅನೇಕರು ಗಂಡಸರೇ! 1985ರ ಜೂನ್‌ನಲ್ಲಿ ಈ ದಟ್ಟಣೆಯ ಭಾರಕ್ಕೆ, ಉದ್ಯಮಗಳು ನೆಚ್ಚಿಕೊಂಡಿದ್ದ ಟ್ರಾನ್ಸ್‌ಪ್ಯಾಕ್ ಜಾಲವೇ ಕುಸಿದುಬಿತ್ತು.

ಇದನ್ನು ಜನಸಾಮಾನ್ಯರ ಕೀಳು ಅಭಿರುಚಿಯೆಂದು ಸುಮ್ಮನಾಗುವುದು ನಮಗೆ ಒಪ್ಪಿಗೆಯಲ್ಲ. ನಮ್ಮ ಅರಳಿಕಟ್ಟೆಯಲ್ಲಿ ನ್ಯಾಯವೂ ನಡೆಯಿತು, ಹರಟೆಯೂ ನಡೆಯಿತು. ಆದರೆ ಅಲ್ಲಿ ಹರಟೆಗೆ ನಿಮಿಷದ ಲೆಕ್ಕವಿರಲಿಲ್ಲ. ಮಾತು ಉದ್ದವಾದಷ್ಟೂ ಗಳಿಕೆ ಹೆಚ್ಚುವ ಪದ್ಧತಿಯನ್ನು ರೂಪಿಸಿದ್ದು ಇಲಾಖೆ. ಅದೇ ಜಾಲವನ್ನು 1986ರ ವಿದ್ಯಾರ್ಥಿ ಚಳವಳಿಯು ಸುದ್ದಿ ಹರಡಲು ಬಳಸಿಕೊಂಡುದನ್ನೂ ಮರೆಯಬಾರದು. ಡೈರೆಕ್ಟರಿ, ರೈಲ್ವೆ ಕಾಯ್ದಿರಿಸುವಿಕೆ, ಬ್ಯಾಂಕ್ ಲೆಕ್ಕಗಳಂತಹ ಸೇವೆಗಳು ಗದ್ದಲವಿಲ್ಲದೆ ಸಾಗಿಯೇ ಇದ್ದವು. ಗೋಡೆಗಳ ಮೇಲಿನ ಭಿತ್ತಿಚಿತ್ರಗಳಲ್ಲಿ ಮಾತ್ರ ಗುಲಾಬಿ ಸೇವೆಗಳದೇ ಮೆರೆದಾಟ.

2012ರ ಜೂನ್ 30ರಂದು ಮಿನಿಟೆಲ್ ಸ್ಥಗಿತಗೊಂಡಿತು. ಹರಟೆಗಾರರು ಅದಾಗಲೇ ಅಂತರಜಾಲಕ್ಕೆ ಹೊರಟುಹೋಗಿದ್ದರು. ಕೊನೆಯವರೆಗೆ ಅದನ್ನು ನೆಚ್ಚಿದವರಲ್ಲಿ ಬ್ರಿಟನಿ ಪ್ರಾಂತದ ಹೈನುಗಾರರಿದ್ದರು. ಕರು ಹುಟ್ಟಿದುದನ್ನು ಅವರು ದಾಖಲಿಸುತ್ತಿದ್ದುದು ಆ ಪುಟ್ಟ ತೆರೆಯ ಮೂಲಕವೇ.